ಇನ್ನೂ ನೀರೈತೆ

ನನ್ನ ಬಯೋಡಾಟಾದಲ್ಲಿ 2010ರ ನವೆಂಬರಿನಿಂದ 2011ರ ಮಾರ್ಚಿನವರೆಗೆ ಒಂದು ಖಾಲಿ ಜಾಗವಿದೆ. ಇಂಟರ್‌ವ್ಯೂಗೆ ಕೂತವರ ಕಣ್ಣು ಉಳಿದದ್ದನ್ನೆಲ್ಲ ಬಿಟ್ಟು ಸೀದಾ ಅಲ್ಲಿಗೇ ಹೋಗುತ್ತದೆ. ‘ಈ ಐದು ತಿಂಗಳು ಏನ್ ಮಾಡ್ತಿದ್ರಿ?’ ಮೊದಮೊದಲು ಮನೆಯಲ್ಲಿ ತಾಪತ್ರಯ ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ಅದೇನೂ ಸುಳ್ಳಲ್ಲ. ಒಂದು ಸಲ ಮಾತ್ರ, ಆ ಕೆಲಸ ಹೇಗೂ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ, ನಿಜ ಹೇಳಿಬಿಟ್ಟೆ: ‘ಕಾವಿಗೆ ಕೂತಿದ್ದೆ ಸಾರ್.’ ಎದುರಿಗಿದ್ದ ಮೂವರಲ್ಲಿ ಒಬ್ಬರು ಮಾತಾಡದೆ ನೀರಿನ ಲೋಟ ನನ್ನ ಕಡೆಗೆ ತಳ್ಳಿದರು.

ನಮ್ಮೂರು ತಿಪಟೂರಿನ ಸೀಮೆ. ಅಲ್ಲಿ ಮನುಷ್ಯ ಹುಟ್ಟುವುದು, ಮದುವೆಯಾಗುವುದು, ಸಾಲ ಮಾಡುವುದು, ತೀರಿಸದೆ ಸಾಯುವುದು ಎಲ್ಲವೂ ಕೊಬ್ಬರಿಯ ರೇಟಿನ ಮೇಲೆ. ತೊಂಬತ್ತರ ದಶಕದ ಕೊನೆಗೆ ನುಸಿ ರೋಗ ಬಂತು. ಕಾಯಿಗಳ ಮೈ ಸುಟ್ಟಂತಾಗಿ, ಬೆಳೆಯುವ ಆಸೆಯನ್ನೇ ಬಿಟ್ಟು ಮುಷ್ಟಿಗಾತ್ರಕ್ಕೆ ನಿಂತವು. ಆಮೇಲೆ ಬೋರ್‌ವೆಲ್ಲುಗಳು ಒಂದೊಂದಾಗಿ ಗಂಟಲು ಕಟ್ಟಿಸಿಕೊಂಡವು. ಚಿಕ್ಕಪ್ಪನಿಗೆ ತೆಂಗಿನ ಮೇಲೆ ಜುಗುಪ್ಸೆ ಬಂದದ್ದು ಆಗಲೇ. ಅಂಥ ಹೊತ್ತಿನಲ್ಲಿ ಯಾವುದೋ ಕಂಪನಿಯವರು ಟೈ ಕಟ್ಟಿಕೊಂಡು ಬಂದು ಎಮು ಹಕ್ಕಿಯ ಬಣ್ಣದ ಚಿತ್ರ ತೋರಿಸಿದರು. ಮಾಂಸ, ಎಣ್ಣೆ, ಚರ್ಮ, ಪುಕ್ಕ, ಮೊಟ್ಟೆ, ಕೊನೆಗೆ ಕಾಲಿನ ಉಗುರೂ ಮಾರಾಟವಾಗುತ್ತದಂತೆ. ಬಿಸಾಡುವಂಥದ್ದು ಏನೂ ಇಲ್ಲವಂತೆ. ‘ಅಂದ್ರೆ ನಡೆಯೋ ತೆಂಗಿನ ಮರ’ ಅಂದ ಚಿಕ್ಕಪ್ಪ, ಮತ್ತು ಆರು ಜೋಡಿ ಮರಿಗೆ ಅಡ್ವಾನ್ಸ್ ಕೊಟ್ಟ.

ಈ ಹಕ್ಕಿಯ ಪೂರ್ವಾಪರ ನಾನು ಓದಿಕೊಂಡದ್ದು ಬಹಳ ತಡವಾಗಿ. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ನುಗ್ಗಿದ ಎಮುಗಳ ಮೇಲೆ ಅಲ್ಲಿನ ಸರ್ಕಾರ ಮೆಷಿನ್‌ಗನ್ ಸಮೇತ ಸೈನಿಕರನ್ನು ಕಳಿಸಿ, ಸಾವಿರಾರು ಗುಂಡು ಹಾರಿಸಿ, ಕೊನೆಗೆ ಸೋತು ವಾಪಸು ಕರೆಸಿಕೊಂಡಿತ್ತು. ಒಂದು ದೇಶದ ಸೈನ್ಯವನ್ನು ಹಿಮ್ಮೆಟ್ಟಿಸಿದ ಹಕ್ಕಿಗೆ ನಮ್ಮ ಚಿಕ್ಕಪ್ಪ ಯಾವ ಲೆಕ್ಕ? ಅಜ್ಜಿಗೆ ಮಾತ್ರ ಇದು ಮೊದಲ ದಿನವೇ ಹೊಳೆದಿರಬೇಕು. ಆಕೆ ಅದನ್ನು ಕರೆಯುತ್ತಿದ್ದದ್ದೇ ‘ಯಮು’ ಎಂದು.

ಎರಡು ವರ್ಷ ತುಂಬುವ ಹೊತ್ತಿಗೆ, ಚಳಿ ಬೀಳುತ್ತಿದ್ದಂತೆ, ಹೆಣ್ಣುಗಳು ಮೊಟ್ಟೆಗೆ ಬಂದವು. ಎಮು ಮೊಟ್ಟೆ ಇಡುವುದು ಸಾಮಾನ್ಯವಾಗಿ ಗೋಧೂಳಿ ಹೊತ್ತಿನಲ್ಲಿ. ಕರಿಬೇವಿನ ಎಲೆಯಂಥ ಕಡುಹಸಿರು, ಮುಟ್ಟಿದರೆ ಸಣ್ಣ ಸಣ್ಣ ಗುಳಿ, ಅರ್ಧ ಕಿಲೋಗಿಂತ ಮೇಲೆ ತೂಕ. ಇಟ್ಟವಳು ತಿರುಗಿ ನೋಡದೆ ಎದ್ದು ನಡೆಯುತ್ತಾಳೆ. ಈ ಜಾತಿಯಲ್ಲಿ ಕಾವು ಕೂರುವುದು ಗಂಡು. ಸುಮಾರು ಎಂಟು ವಾರ, ಅನ್ನ ನೀರು ಹೆಚ್ಚುಕಮ್ಮಿ ಬಿಟ್ಟು, ಮೈಯ ಮೂರನೇ ಒಂದು ಪಾಲು ಇಳಿದುಹೋಗುವವರೆಗೆ ಕೂತಿರುತ್ತದೆ. ದಿನಕ್ಕೆ ಹತ್ತು ಸಲದಂತೆ ಎದ್ದು ಮೊಟ್ಟೆ ಹೊರಳಿಸುವುದಷ್ಟೇ ಅದಕ್ಕೆ ವ್ಯಾಯಾಮ. ಇದನ್ನು ಕೇಳಿ ಚಿಕ್ಕಮ್ಮ, ‘ನೋಡ್ರೀ, ಹಕ್ಕಿ ಅಂದ್ರೆ ಅದು’ ಅಂದಳು. ಚಿಕ್ಕಪ್ಪ ಕೇಳಿಸದವನಂತೆ ಕೂತ.

ಕರಾರಿನ ಪ್ರಕಾರ ಮೊಟ್ಟೆ ಕಂಪನಿಯ ವ್ಯಾನಿಗೆ ಹೋಗಬೇಕು. ಚಿಕ್ಕಪ್ಪನಿಗೆ ಅಲ್ಲೇ ಬುದ್ಧಿ ಓಡಿತು. ನಮ್ಮ ಮೊಟ್ಟೆಯನ್ನು ಅವರಿಗೆ ಕೊಟ್ಟು, ಅದೇ ಮೊಟ್ಟೆಯ ಮರಿಯನ್ನು ಹತ್ತು ಪಟ್ಟು ಕೊಟ್ಟು ಇನ್ನೊಬ್ಬ ರೈತ ಯಾಕೆ ತರಬೇಕು? ಮರಿ ನಾವೇ ಮಾಡೋಣ. ಕೆಟ್ಟುಹೋದ ಫ್ರಿಜ್ಜೊಂದರ ಹೊಟ್ಟೆಗೆ ನಾಲ್ಕು ಬಲ್ಬು, ಒಂದು ಕಂಪ್ಯೂಟರ್ ಫ್ಯಾನು, ಒಂದು ಥರ್ಮೋಸ್ಟಾಟು ಸಿಕ್ಕಿಸಿದ. ಹನ್ನೊಂದು ಮೊಟ್ಟೆ ಹಿಡಿಸಿತು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ನನ್ನನ್ನು ಕರೆದು, ‘ಟೆಂಪರೇಚರ್ ನಾನು ನೋಡ್ಕೊಂತೀನಿ, ಉಮಿಡಿಟಿ ನಿಂದು’ ಅಂದ. ನನ್ನ ಬದುಕಿನ ಮೊದಲ ಹುದ್ದೆ ಅದು. ಸಂಬಳ ಇರಲಿಲ್ಲ, ಊಟ ಇತ್ತು.

ತಾಪಮಾನ ಸುಲಭ. 97 ಡಿಗ್ರಿ ಫ್ಯಾರನ್‌ಹೀಟಿಗೆ ತಿರುಗಿಸಿಟ್ಟರೆ ಯಂತ್ರವೇ ನೋಡಿಕೊಳ್ಳುತ್ತದೆ. ಬಲ್ಬು ಉರಿದು ಆರಿ ಉರಿದು ಆರಿ, ಹಳೇ ಸಿನಿಮಾದ ದೆವ್ವದ ಮನೆಯಂತೆ ಇರುತ್ತಿತ್ತು. ಕರೆಂಟ್ ಹೋದರೆ ಕಂಬಳಿ ಹೊದಿಸುವುದು. ತೇವದ ವಿಷಯ ಹಾಗಲ್ಲ. ಮೊಟ್ಟೆಯ ಚಿಪ್ಪು ನೋಡಲು ಕಲ್ಲಿನ ಹಾಗಿದ್ದರೂ ಮೈಯೆಲ್ಲ ಕಾಣದ ತೂತು. ಒಳಗಿನ ನೀರು ಆ ತೂತಿನಿಂದ ಹಗಲೂ ರಾತ್ರಿ ಆವಿಯಾಗಿ ಹೋಗುತ್ತಲೇ ಇರಬೇಕು. ಹೋದಷ್ಟೂ ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಕೋಣೆ ದೊಡ್ಡದಾಗುತ್ತದೆ. ಮರಿ ಚಿಪ್ಪು ಒಡೆಯುವ ಮೊದಲು ಕೊಕ್ಕು ಚುಚ್ಚುವುದು ಆ ಕೋಣೆಗೆ, ಜನ್ಮದ ಮೊದಲ ಉಸಿರು ಎಳೆದುಕೊಳ್ಳುವುದು ಅಲ್ಲಿಂದ. ಸುತ್ತ ತೇವ ಹೆಚ್ಚಾದರೆ ನೀರು ಹೊರಗೆ ಹೋಗದೆ ಮರಿ ಬಾತುಕೊಂಡು, ತಿರುಗಲು ಜಾಗವಿಲ್ಲದೆ ಒಳಗೇ ಮುಳುಗುತ್ತದೆ. ಕಮ್ಮಿಯಾದರೆ ಒಳಪೊರೆ ಒಣಗಿ, ಒದ್ದೆ ಪಂಚೆ ಮೈಗಂಟಿದಂತೆ ಮರಿಯನ್ನು ಬಿಗಿದುಬಿಡುತ್ತದೆ. ಐವತ್ತು ದಿನದಲ್ಲಿ ಮೊಟ್ಟೆ ತನ್ನ ತೂಕದಲ್ಲಿ ನೂರಕ್ಕೆ 12ರಿಂದ 15 ಪಾಲು ಕಳೆದುಕೊಂಡರೆ ಸರಿ. ಕೋಳಿಮೊಟ್ಟೆಗೆ ಬೇಕಾಗುವಷ್ಟು ತೇವ ಇದಕ್ಕೆ ಬೇಡ, ಒಣಭೂಮಿಯ ಹಕ್ಕಿ. ನೂರಕ್ಕೆ 35ರ ಆಸುಪಾಸು ಸಾಕು.

ಚಿಕ್ಕಪ್ಪ ಒಂದು ನೂರು ಪುಟದ ನೋಟ್‌ಬುಕ್ ತಂದು, ಗೀಟು ಹಾಕಿ, ಮೇಲೆ ದಪ್ಪಕ್ಷರದಲ್ಲಿ ‘ನಷ್ಟ’ ಎಂದು ಬರೆದು ನನ್ನ ಕೈಗೆ ಕೊಟ್ಟ. ‘ನಮ್ ಮನೇಲಿ ನಷ್ಟ ಆದ್ರೇನೇ ಲಾಭ ಅನ್ನೋ ವ್ಯಾಪಾರ ಇದೊಂದೇ ಕಣೋ’ ಅಂತ ತಾನೇ ನಕ್ಕ. ಹಾಗೆ ನಗುವುದು ಅವನಿಗೆ ಆಗಿನ್ನೂ ಸಾಧ್ಯವಿತ್ತು.

ಅಜ್ಜಿಗೆ ನಮ್ಮ ಈ ಗಡಿಬಿಡಿಯೆಲ್ಲ ವಿಚಿತ್ರವಾಗಿ ಕಂಡಿತ್ತು. ಯಾಕೆಂದರೆ ಇದೇ ಕೆಲಸವನ್ನು ಆಕೆ ಅರವತ್ತು ವರ್ಷದಿಂದ ಅಟ್ಟದ ಮೇಲೆ ಮಾಡಿಕೊಂಡು ಬಂದಿದ್ದಳು. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ಗಿಟುಕು ಗಟ್ಟಿಯಾಗಿ, ಕರಟ ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಅದೇ ತಿಪಟೂರು ಕೊಬ್ಬರಿ. ಶೀತ ತಗುಲಿದರೆ ಬೂಸಲು, ಬಿಸಿ ಹೆಚ್ಚಾದರೆ ಬಿರುಕು. ಥರ್ಮಾಮೀಟರ್ ಇಲ್ಲ, ನೋಟ್‌ಬುಕ್ ಇಲ್ಲ. ಅಜ್ಜಿ ಏಣಿ ಹತ್ತಿ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಕುಳುಕುಳು ಅಂದರೆ ‘ಇನ್ನೂ ನೀರೈತೆ’ ಅಂತ ವಾಪಸು ಇಡುತ್ತಿದ್ದಳು. ಲೊಟಲೊಟ ಅಂದರೆ ಕೆಳಗೆ ಎಸೆಯುತ್ತಿದ್ದಳು.

ನಮಗೆ ಕಿವಿ ಸಾಲದು. ಎಮು ಮೊಟ್ಟೆಯ ಚಿಪ್ಪು ಎಷ್ಟು ಕಡು ಎಂದರೆ ಕೋಳಿಮೊಟ್ಟೆಯ ಹಾಗೆ ಬ್ಯಾಟರಿ ಹಿಡಿದು ಒಳಗೆ ನೋಡುವ ಹಾಗೂ ಇಲ್ಲ. ಅದಕ್ಕೆ ಎರಡು ಥರ್ಮಾಮೀಟರ್: ಒಂದು ಒಣ ಬುರುಡೆ, ಇನ್ನೊಂದಕ್ಕೆ ಒದ್ದೆ ಬತ್ತಿ ಸುತ್ತಿದ ಬುರುಡೆ. ಬತ್ತಿಯ ನೀರು ಆರುವಾಗ ತಂಪಾಗುತ್ತದಲ್ಲ, ಗಾಳಿ ಒಣಗಿದ್ದಷ್ಟೂ ಎರಡನೆಯದು ಕೆಳಗಿಳಿಯುತ್ತದೆ. ಒಣದ್ದು 97 ಇದ್ದಾಗ ಒದ್ದೆಯದು 75ರ ಹತ್ತಿರ ನಿಂತರೆ ನಮಗೆ ಬೇಕಾದ ತೇವ. ಬತ್ತಿ ಎಲ್ಲಿ ಸಿಗುತ್ತದೆ ಎಂದು ಚಿಕ್ಕಪ್ಪ ತಲೆ ಕೆರೆದುಕೊಳ್ಳುತ್ತಿರುವಾಗ ಅಜ್ಜಿ ಬೆನ್ನ ಹಿಂದಿನಿಂದ, ‘ಮನೇಲಿ ಬತ್ತಿಗೆ ಬರಾನಾ?’ ಅಂದಳು. ಹಿತ್ತಲ ಗಿಡದ ಹತ್ತಿ ಬಿಡಿಸಿ, ವಿಭೂತಿ ಮುಟ್ಟಿಕೊಂಡು, ತೊಡೆಯ ಮೇಲೆ ಹೊಸೆದು ಕೊಟ್ಟಳು.

ಕಟ್ಟಿದೆವು. ಒದ್ದೆ ಬುರುಡೆ 93ಕ್ಕೆ ನಿಂತಿತು. ಪಟ್ಟಿ ನೋಡಿದರೆ ತೇವ ನೂರಕ್ಕೆ 85ರ ಮೇಲೆ! ಫ್ರಿಜ್ಜಿನೊಳಗೆ ಆಗುಂಬೆ. ಚಿಕ್ಕಪ್ಪ ಗಾಬರಿಯಾಗಿ ನೀರಿನ ತಟ್ಟೆ ತೆಗೆದ. ಮಾರನೇ ದಿನವೂ ಅಷ್ಟೇ. ಗಾಳಿಗೆ ಇನ್ನೆರಡು ತೂತು ಕೊರೆದ. ಜಪ್ಪಯ್ಯ ಅನ್ನಲಿಲ್ಲ. ಸಾಲದ್ದಕ್ಕೆ, ಫ್ರಿಜ್ಜಿನ ಮೂಲೆಯಲ್ಲಿ ಬಟ್ಟಲಿನಲ್ಲಿ ಉಪ್ಪು ಇಟ್ಟ. ಅಜ್ಜಿ ಆ ಉಪ್ಪನ್ನು ಬೆರಳಿನಲ್ಲಿ ಹೊಸಕಿ ನೋಡಿ, ‘ಪುಡಿಪುಡಿಯಾಗೈತಲ್ಲೋ, ಎಲ್ಲೈತೆ ನಿನ್ನ ಶೀತ?’ ಎಂದಳು. ಆ ಮಾತಿಗೆ ನಾವ್ಯಾರೂ ಬೆಲೆ ಕೊಡಲಿಲ್ಲ. ಗಾಳಿಯ ತೇವ 75 ದಾಟಿದರೆ ಉಪ್ಪು ನೀರೊಡೆಯಲೇಬೇಕು, ಅದು ವಿಜ್ಞಾನದ ಲೆಕ್ಕ. ಅಜ್ಜಿಗೆ ಅದು ಉಪ್ಪಿನ ಭರಣಿಯ ಲೆಕ್ಕವಾಗಿ ಗೊತ್ತಿತ್ತು. ಬಿ.ಎಸ್ಸಿ. ಪಾಸಾದ ನನಗೆ ಗೊತ್ತಿರಲಿಲ್ಲ.

ನಿಜ ಹೇಳಿದ್ದು ತಕ್ಕಡಿ. ಊರಿನ ಆಚಾರ್ರ ಹತ್ತಿರ ಬೆಳ್ಳಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಭಾನುವಾರ ಅವರ ಅಂಗಡಿ ರಜ. ಅವತ್ತು ಅದನ್ನು ಟವೆಲಿನಲ್ಲಿ ಸುತ್ತಿ ತರುತ್ತಿದ್ದೆ. ಚಿಕ್ಕಪ್ಪನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಚಿನ್ನ ತೂಗುತ್ತಾರಂತೆ ಎಂದು ಊರಲ್ಲಿ ಸುದ್ದಿಯಾಗಿ, ಅವನಿಗೆ ಕೈಸಾಲ ಕೊಟ್ಟಿದ್ದ ಇಬ್ಬರು ಬಂದು ಹೋದರು. ಏಳನೇ ನಂಬರಿನ ಮೊಟ್ಟೆ ಇಟ್ಟ ದಿನ 576 ಗ್ರಾಂ. ವಾರಕ್ಕೆ 10ರಿಂದ 12 ಗ್ರಾಂ ಇಳಿಯಬೇಕಿತ್ತು. ಮೊದಲ ವಾರ 15 ಇಳಿಯಿತು, ಎರಡನೇ ವಾರ 16. ಇದೇ ಓಟದಲ್ಲಿ ಹೋದರೆ ಐವತ್ತು ದಿನಕ್ಕೆ 110 ಗ್ರಾಂ. ಒಳಗಿದ್ದದ್ದು ಆಗುಂಬೆಯಲ್ಲ, ಚಳ್ಳಕೆರೆ.

ಬತ್ತಿ ಬಿಚ್ಚಿ ನೋಡಿದೆ. ಒಂದು ತುದಿ ನೀರಲ್ಲಿ ಮುಳುಗಿತ್ತು, ಬುರುಡೆಗೆ ಸುತ್ತಿದ ಜಾಗ ಹೆಚ್ಚುಕಮ್ಮಿ ಒಣಗಿತ್ತು. ಗಿಡದಿಂದ ಬಿಡಿಸಿದ ಹಸಿ ಹತ್ತಿಯ ಎಳೆಗೆ ಮೇಣದಂಥ ಜಿಡ್ಡು ಇರುತ್ತದೆ. ಅದು ಎಣ್ಣೆಯನ್ನು ಕುಡಿದಷ್ಟು ಸಲೀಸಾಗಿ ನೀರನ್ನು ಕುಡಿಯುವುದಿಲ್ಲ. ದೇವರ ಮುಂದೆ ಚೆನ್ನಾಗಿ ಉರಿಯುವ ಬತ್ತಿ ವಿಜ್ಞಾನಕ್ಕೆ ಬರುವುದಿಲ್ಲ ಎಂದು ಅಜ್ಜಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಚಿಕ್ಕಪ್ಪನ ಮಗಳ ಬಿಳಿ ಪಿ.ಟಿ. ಶೂವಿನ ಲೇಸು ಕತ್ತರಿಸಿ ಸೋಪಿನಲ್ಲಿ ಕುದಿಸಿ ಕಟ್ಟಿದೆ. ತಕ್ಷಣ 68ಕ್ಕೆ ಇಳಿಯಿತು. ಬೋರ್‌ವೆಲ್ ನೀರು ಹಾಕಿದರೆ ಲೇಸು ಉಪ್ಪುಗಟ್ಟಿ ಮತ್ತೆ ಸುಳ್ಳು ಹೇಳೀತೆಂದು ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಬಂತು. ಒಂದು ತಿಂಗಳು ಆ ಹುಡುಗಿ ಒಂದು ಶೂಗೆ ಲೇಸು, ಇನ್ನೊಂದಕ್ಕೆ ಗೋಣಿದಾರ ಕಟ್ಟಿಕೊಂಡು ಶಾಲೆಗೆ ಹೋದಳು.

ತಪ್ಪು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಆಗುವುದು ಇನ್ನೂ ದೊಡ್ಡ ತಪ್ಪು. ಚಿಕ್ಕಪ್ಪ ಫ್ರಿಜ್ಜಿಗೆ ನೀರು ತುಂಬಿದ ತಂಬಿಗೆ ಇಟ್ಟ. ತೇವ ಏರಲಿಲ್ಲ. ನೀರು ಎಷ್ಟು ಆಳವಿದೆ ಎನ್ನುವುದಲ್ಲ, ಎಷ್ಟು ಅಗಲ ಬಾಯಿ ಬಿಟ್ಟಿದೆ ಎನ್ನುವುದು ಮುಖ್ಯ. ತಂಬಿಗೆ ತೆಗೆದು ಹಿತ್ತಾಳೆ ಹರಿವಾಣ ಇಟ್ಟ ಮೇಲೆ ದಾರಿಗೆ ಬಂತು. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಯಾರೋ ಫೋನಿನಲ್ಲಿ, ಹೆಚ್ಚು ಒಣಗಿದ ಮೊಟ್ಟೆಗೆ ಅಲ್ಲಲ್ಲಿ ನೇಲ್ ಪಾಲಿಶ್ ಬಳಿದು ತೂತು ಮುಚ್ಚಬಹುದು ಎಂದರಂತೆ. ಅದು ಸುಳ್ಳೂ ಅಲ್ಲ, ಎಮು ಸಾಕುವವರು ಮಾಡುವ ಉಪಾಯವೇ. ಚಿಕ್ಕಮ್ಮನ ತವರಿನ ಮದುವೆಗೆಂದು ತಂದಿದ್ದ ಕೆಂಪು ನೇಲ್ ಪಾಲಿಶ್ ಸೀಸೆ ಖಾಲಿಯಾಯಿತು. ಹಸಿರು ಮೊಟ್ಟೆಗಳ ಮೇಲೆ ಕೆಂಪು ಪಟ್ಟೆ. ಬಾಗಿಲು ತೆಗೆದರೆ ಹನ್ನೊಂದು ಜನ ಮದುವಣಗಿತ್ತಿಯರು ಕೂತ ಹಾಗೆ.

ಅದರ ಮಾರನೇ ದಿನವೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಹೀಗೆ ಕುಸಿಯುವುದಕ್ಕೆ ಅದಕ್ಕೆ ಬೇರೆ ಮುಹೂರ್ತ ಸಿಗುವುದಿಲ್ಲ. ಆರು ದಿನ ಜಡಿಮಳೆ. ಹೊರಗೆ 25 ಡಿಗ್ರಿ ಸೆಲ್ಸಿಯಸ್, ತೇವ 90. ಅದೇ ಗಾಳಿಯನ್ನು ಒಳಗೆ ತಂದು 36ಕ್ಕೆ ಬಿಸಿ ಮಾಡಿದರೆ, ಒಂದು ತೊಟ್ಟು ನೀರಿಡದಿದ್ದರೂ ತೇವ 48ಕ್ಕೆ ಬಂದು ಕೂರುತ್ತದೆ. ಆ ಭಾನುವಾರ ತೂಗಿದರೆ ಏಳೇ ಗ್ರಾಂ ಇಳಿದಿತ್ತು. ಮೊದಲು ಹೆಚ್ಚು ಒಣಗಿದ್ದು, ಈಗ ಕಡಿಮೆ ಒಣಗಿದ್ದು ಸೇರಿ ಲೆಕ್ಕ ತಾನೇ ಸರಿಹೋಗುತ್ತಿತ್ತೇನೋ. ಚಿಕ್ಕಪ್ಪನಿಗೆ ತಾಳ್ಮೆಯಿಲ್ಲ. ಬಡಗಿಯ ಹತ್ತಿರ ಉಪ್ಪುಕಾಗದ ತಂದು ನೇಲ್ ಪಾಲಿಶ್ ಉಜ್ಜಲು ಕೂತ. ಕೆಂಪು ಹೋಯಿತು, ಜೊತೆಗೆ ಕಡುಹಸಿರೂ ಹೋಯಿತು. ಅದರ ಕೆಳಗೆ ನವಿಲಿನ ಕತ್ತಿನ ಬಣ್ಣದ ಇನ್ನೊಂದು ಪದರ ಮಿನುಗಿತು. ಅವನು ಉಜ್ಜುವುದು ನಿಲ್ಲಿಸಿ, ಮೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಎಷ್ಟು ಚೆನ್ನಾಗೈತಲ್ಲೋ’ ಅಂದ. ಆ ಇಡೀ ವ್ಯವಹಾರದಲ್ಲಿ ಅವನಿಗೆ ಸಿಕ್ಕಿದ ಲಾಭ ನಾನು ಕಂಡಂತೆ ಅದಿಷ್ಟೇ.

ಇಪ್ಪತ್ತೈದನೇ ದಿನದ ಮಧ್ಯರಾತ್ರಿ ಮೊಟ್ಟೆ ಹೊರಳಿಸಲು ಎದ್ದೆ. ಒಂದು ಮಗ್ಗುಲಿಗೆ ಸೀಮೆಸುಣ್ಣದಲ್ಲಿ ಗುಣಾಕಾರ, ಇನ್ನೊಂದಕ್ಕೆ ಸೊನ್ನೆ ಬರೆದಿದ್ದೆ. ಫ್ರಿಜ್ಜಿನ ಬಾಗಿಲು ತೆರೆದಿತ್ತು. ಬಲ್ಬಿನ ಬೆಳಕಿನಲ್ಲಿ ಅಜ್ಜಿ ನಿಂತಿದ್ದಳು, ಏಳನೇ ನಂಬರ್ ಕೈಯಲ್ಲಿ, ಕಿವಿಯ ಹತ್ತಿರ. ನಾನು ಕೂಗುವಷ್ಟರಲ್ಲಿ ಮೂರು ಸಲ ಅಲ್ಲಾಡಿಸಿ ಆಗಿತ್ತು.

‘ಇನ್ನೂ ನೀರೈತೆ ಕಣ್ಲಾ ಮಗ’ ಅಂದಳು, ಗುಟ್ಟು ಹೇಳುವವಳಂತೆ.

ಚಿಕ್ಕಪ್ಪ ಎದ್ದು ಬಂದ. ಬೈಯಲಿಲ್ಲ. ನೆಲದ ಮೇಲೆ ಕೂತುಬಿಟ್ಟ. ಒಳಗೆ ಕೂದಲೆಳೆಯಂಥ ರಕ್ತನಾಳಗಳಿರುತ್ತವೆ, ಅಲ್ಲಾಡಿಸಿದರೆ ಕಿತ್ತುಹೋಗುತ್ತವೆ ಅಂತ ನಾನು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಮೊಟ್ಟೆ ಒರೆಸಿ, ಅದು ಎಲ್ಲಿತ್ತೋ ಅಲ್ಲೇ ಇಟ್ಟು ಹೋದಳು. ಬೆಳಿಗ್ಗೆ ಕಾಫಿ ಕುಡಿಯಲಿಲ್ಲ.

ಈ ಮಧ್ಯೆ ಬೇಲಿಯೊಳಗಿನ ಗಂಡೊಂದು ಕಾವು ಕೂತಿತ್ತು. ಕೆಳಗೆ ಮೊಟ್ಟೆ ಇರಲಿಲ್ಲ, ನಾವೇ ತೆಗೆದುಕೊಂಡು ಬಂದಿದ್ದೆವಲ್ಲ. ನುಸಿ ಹತ್ತಿ ಉದುರಿದ್ದ ಮೂರು ಹಸಿರು ಪೀಚು ಕಾಯಿಗಳನ್ನು ಗರಿ, ಸೋಗೆಯ ಮಧ್ಯೆ ಸೇರಿಸಿಕೊಂಡು ಅದರ ಮೇಲೆ ಕಣ್ಣು ಅರೆಮುಚ್ಚಿ ಕೂತಿತ್ತು. ಆಗಾಗ ಎದ್ದು ಕೊಕ್ಕಿನಿಂದ ಹೊರಳಿಸಿ ಮತ್ತೆ ಕೂರುವುದು. ಮಳೆ ಬಂದಾಗ ಕದಲಲಿಲ್ಲ. ಬಿಸಿಲಿಗೂ ಕದಲಲಿಲ್ಲ. ಚಿಕ್ಕಪ್ಪ ಅದರ ಎದುರು ಬಕೆಟ್ ಬೋರಲು ಹಾಕಿ ಕೂತು ಬೀಡಿ ಸೇದುತ್ತಿದ್ದ. ಕಾಯಿ ತೆಗೆದುಬಿಡೋಣ ಅಂದೆ ಒಂದು ಸಲ. ‘ಇರ್ಲಿ ಬುಡೋ, ಅದ್ರ ಲೆಕ್ಕ ಅದಕ್ಕೆ’ ಅಂದ.

ಸಂಕ್ರಾಂತಿಯ ಹಿಂದುಮುಂದು ಐವತ್ತೆರಡು ದಿನವಾಯಿತು. ಈ ಹೊತ್ತಿಗೆ ಮೊಟ್ಟೆಯನ್ನು ಸಪಾಟಾದ ಜಾಗದಲ್ಲಿಟ್ಟು ಶಿಳ್ಳೆ ಹಾಕಿದರೆ ಒಳಗಿನ ಮರಿ ಅಲುಗುತ್ತದೆ, ಒಮ್ಮೊಮ್ಮೆ ತಿರುಗಿ ಶಿಳ್ಳೆ ಹಾಕುತ್ತದೆ. ಚಿಕ್ಕಪ್ಪನಿಗೆ ಶಿಳ್ಳೆ ಬರದು. ಕೆಲಸ ನನಗೇ ಬಂತು. ರಾತ್ರಿ ಹೊತ್ತು ಶಿಳ್ಳೆ ಹಾಕಿದರೆ ಹಾವು ಬರುತ್ತದೆ ಎಂಬುದು ಅಜ್ಜಿಯ ಕಾನೂನು. ಆದರೆ ಆ ರಾತ್ರಿ ಆಕೆ ತಾನೇ ಮಣೆ ಹಾಕಿಕೊಂಡು ಬಾಗಿಲಲ್ಲಿ ಕೂತು, ‘ಹಾಕು, ಹಾವು ಬಂದ್ರೆ ನಾನ್ ನೋಡ್ಕೊಂತೀನಿ’ ಎಂದಳು. ಗೊತ್ತಿದ್ದ ಸಿನಿಮಾ ಹಾಡೆಲ್ಲ ಹಾಕಿದೆ. ಎರಡನೇ ನಂಬರ್ ತೂಗಿತು. ಒಂಬತ್ತನೆಯದು ಒಳಗಿಂದಲೇ ಕುಂಯ್ ಎಂದಿತು. ಏಳನೆಯದರ ಮುಂದೆ ತುಟಿ ಬತ್ತುವವರೆಗೆ ಶಿಳ್ಳೆ ಹಾಕಿದೆ. ಹಾಸುಗಲ್ಲಿನ ಮೇಲೆ ಗುಂಡುಕಲ್ಲಿನಂತೆ ಕೂತೇ ಇತ್ತು.

ಹನ್ನೊಂದರಲ್ಲಿ ನಾಲ್ಕು ಒಡೆದವು. ಮೈತುಂಬ ಕಂದು, ಕೆನೆ ಬಣ್ಣದ ಉದ್ದುದ್ದ ಪಟ್ಟೆ. ‘ಅಳಿಲಿಗೆ ಸವರಿದ ರಾಮ ಇವಕ್ಕೂ ಸವರವ್ನೆ’ ಅಂದಳು ಅಜ್ಜಿ. ಅಲ್ಲಿಂದ ಅವುಗಳನ್ನು ‘ಯಮು’ ಎನ್ನುವುದು ಬಿಟ್ಟಳು. ಒಡೆಯದ ಆರನ್ನು ಚಿಕ್ಕಪ್ಪ ತೋಟದ ಮೂಲೆಯಲ್ಲಿ ಹುಗಿದ. ಏಳನೆಯದನ್ನು ಅಜ್ಜಿ ಕೊಡಲಿಲ್ಲ. ‘ನಾನ್ ಕೆಡಿಸಿದ್ದು, ನಾನೇ ಒಣಗಿಸ್ಕೊಂತೀನಿ’ ಎಂದು ಅಟ್ಟ ಹತ್ತಿ ತೆಂಗಿನಕಾಯಿಗಳ ನಡುವೆ ಇಟ್ಟು ಬಂದಳು. ಕೊಳೆತ ಮೊಟ್ಟೆ ಪಟಾಕಿಯ ಹಾಗೆ ಸಿಡಿಯುತ್ತದೆ ಎಂದು ಹೆದರಿಸಿದೆ. ಕೇಳಬೇಕಲ್ಲ.

ಮುಂದಿನದು ಪೇಪರಿನಲ್ಲಿ ಬಂದದ್ದೇ. ಕಂಪನಿಯ ವ್ಯಾನು ಬರುವುದು ನಿಂತಿತು, ಆಮೇಲೆ ಫೋನು ಎತ್ತುವುದು ನಿಂತಿತು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆಯ ಎಮು ಹಗರಣ ಸ್ಫೋಟಿಸಿದಾಗ ಇಲ್ಲಿ ನಮ್ಮಂಥವರಿಗೆ, ಓಹೋ ನಾವೊಬ್ಬರೇ ಅಲ್ಲ ಎಂದು ಒಂದು ಬಗೆಯ ಸಮಾಧಾನ. ಮಾಂಸ ಕೊಳ್ಳುವವರಿರಲಿಲ್ಲ, ಎಣ್ಣೆ ಕೇಳುವವರಿರಲಿಲ್ಲ. ಉಗುರನ್ನಂತೂ ಯಾರೂ ಕೇಳಲಿಲ್ಲ. ಹಕ್ಕಿಗಳು ತಿನ್ನುವುದು ಮಾತ್ರ ನಿಲ್ಲಿಸಲಿಲ್ಲ. ಕಾಯಿಯ ಮೇಲೆ ಕಾವು ಕೂತಿದ್ದ ಗಂಡೇ ಎಲ್ಲಕ್ಕಿಂತ ಹೆಚ್ಚು ದಿನ ಬಾಳಿತು. ಚಿಕ್ಕಪ್ಪ ಮತ್ತೆ ತೆಂಗಿಗೆ ಹಿಂದಿರುಗಿದ. ನಾನು ಬೆಂಗಳೂರಿಗೆ ಬಂದೆ.

ಅಜ್ಜಿ ಹೋಗಿ ಏಳು ವರ್ಷವಾಯಿತು. ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪ ಅಟ್ಟ ಖಾಲಿ ಮಾಡಿಸುತ್ತಿದ್ದ. ಮೇಲಿನಿಂದ ಕಾಯಿ ಇಳಿಸುತ್ತಿದ್ದ ಆಳು ಸೋಗೆಯ ಕೆಳಗಿಂದ ಏನನ್ನೋ ಎತ್ತಿ, ‘ಅಣ್ಣಾ, ಇದ್ಯಾವ ತಳಿ ಕಾಯಿ?’ ಅಂತ ಕೂಗಿದ. ಧೂಳು ಕೂತು ಬೂದಿಯಾಗಿತ್ತು. ಉಜ್ಜಿದ ಜಾಗದಲ್ಲಿ ಮಾತ್ರ ನವಿಲು ಬಣ್ಣ ಹಾಗೇ ಇತ್ತು. ಚಿಕ್ಕಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದ.

ಲೊಟಲೊಟ ಅಂದಿತು.

ಚಿಕ್ಕಮ್ಮನ ಅಡುಗೆಮನೆಯಲ್ಲಿ ಈಗ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದರ ಮೇಲೆ ಇಟ್ಟೆವು. 208 ಗ್ರಾಂ. ಚಿಕ್ಕಪ್ಪ ಒಳಗೆ ಹೋಗಿ, ಎಲ್ಲೆಲ್ಲೋ ತಡಕಾಡಿ, ಆ ನೂರು ಪುಟದ ನೋಟ್‌ಬುಕ್ ಹಿಡಿದುಕೊಂಡು ಬಂದ. ಏಳನೇ ನಂಬರಿನ ಸಾಲು ಬೆರಳಿಟ್ಟು ಹುಡುಕಿ, ‘ಬರಿ’ ಎಂದು ನನ್ನ ಕೈಗೆ ಪೆನ್ನು ಕೊಟ್ಟ.